ಎರಡನೇ ಚರಣ ಎಲ್ಲಿ ಹೋಯಿತು?

ಮದುವೆ ಮನೆಯ ಆರ್ಕೆಸ್ಟ್ರಾದಲ್ಲೋ ಗಣಪತಿ ಪೆಂಡಾಲಿನ ವೇದಿಕೆಯಲ್ಲೋ ‘ಎರಡು ಕನಸು’ ಅಥವಾ ‘ಬಯಲು ದಾರಿ’ ಚಿತ್ರದ ಹಾಡು ಶುರುವಾದಾಗ ಕೇಳುಗರ ಕಡೆ ನೋಡಬೇಕು. ಪಲ್ಲವಿಗೆ ಎಲ್ಲರೂ ದನಿಗೂಡಿಸುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಮಧ್ಯದ ವಾದ್ಯಭಾಗ ಮುಗಿದು ಎರಡನೇ ಚರಣ ಬಂದಾಗಲೂ ಐವತ್ತು ದಾಟಿದವರ ತುಟಿ ಚಲಿಸುತ್ತಲೇ ಇರುತ್ತದೆ. ಒಂದು ಪದವೂ ತಪ್ಪುವುದಿಲ್ಲ. ಅದೇ ವೇದಿಕೆಯಲ್ಲಿ ಹೋದ ವರ್ಷ ಗೆದ್ದ ಹಾಡೊಂದು ಬಂದರೆ ಹುಡುಗರು ಮುಖ್ಯ ಸಾಲಿಗೆ ಕೇಕೆ ಹಾಕುತ್ತಾರೆ, ಮುಂದಿನ ಸಾಲುಗಳು ಬಂದಾಗ ಬರೀ ಕುಣಿಯುತ್ತಾರೆ. ಎಷ್ಟೋ ಹಾಡುಗಳಲ್ಲಿ ಮುಂದೆ ಹಾಡಲು ಎರಡನೇ ಚರಣವೇ ಇರುವುದಿಲ್ಲ.

ಕಳೆದ ಐವತ್ತು ವರ್ಷಗಳಲ್ಲಿ ಕನ್ನಡದ ಜನಪ್ರಿಯ ಸಂಗೀತ ಹೇಗೆ ಬದಲಾಯಿತು ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಆಗ ಮಾಧುರ್ಯವಿತ್ತು, ಈಗ ಗದ್ದಲವಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗಲೂ ಹಿರಿಯರು ಇದನ್ನೇ ಹೇಳಿದ್ದರು, ಇಂದು ಅದೇ ಹಾಡುಗಳನ್ನು ಹಳೆಯ ಮಧುರ ಗೀತೆಗಳೆಂದು ಕೇಳುತ್ತೇವೆ. ಬದಲಾದದ್ದು ಮಾಧುರ್ಯವಲ್ಲ. ಹಾಡು ನಮ್ಮ ಕಿವಿಗೆ ತಲುಪುವ ದಾರಿ ಬದಲಾಯಿತು, ಆ ದಾರಿಯ ಅಳತೆಗೆ ತಕ್ಕಂತೆ ಹಾಡಿನ ಮೈಕಟ್ಟು ಬದಲಾಯಿತು. ಒಂದು ಭಾವವನ್ನು ಹೇಳಿ, ಬೆಳೆಸಿ, ಕೊನೆಗೆ ಎಲ್ಲಿಗೋ ಮುಟ್ಟಿಸುವಷ್ಟು ಜಾಗ ಹಾಡಿನೊಳಗೆ ಉಳಿದಿದೆಯೇ ಎಂಬುದು ನನ್ನ ಚಿಂತೆ.

ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರ ಕಾಲದ ಹಾಡಿಗೆ ಒಂದು ನಡೆ ಇತ್ತು. ಪಲ್ಲವಿ ಮಾತು ತೆಗೆಯುತ್ತದೆ. ಮೊದಲ ಚರಣ ಅದಕ್ಕೆ ಚಿತ್ರ ಕೊಡುತ್ತದೆ; ಹೂವೋ ಹೊಳೆಯೋ ಹೆಣ್ಣಿನ ನಡಿಗೆಯೋ ಯಾವುದಾದರೂ. ಎರಡನೇ ಚರಣದಲ್ಲಿ ಕವಿ ತಿರುಗಿ ನಿಲ್ಲುತ್ತಾನೆ. ಪ್ರೇಮದ ಹಾಡಾದರೆ ಅಲ್ಲಿ ಅಗಲಿಕೆಯ ಭಯ ಬರುತ್ತದೆ, ದುಃಖದ ಹಾಡಾದರೆ ಬದುಕಿನ ಬಗ್ಗೆ ಒಂದು ತಿಳಿವು ಬರುತ್ತದೆ. ಉದಯಶಂಕರ್ ಈ ಜಾಗದಲ್ಲಿ ಮನೆಮಾತಿನ ಪದಗಳನ್ನೇ ಇಟ್ಟು ದೊಡ್ಡ ಮಾತು ಆಡುತ್ತಿದ್ದರು. ಟ್ಯೂನಿಗೆ ತಕ್ಕಂತೆ ಬರೆಯುವುದು ಇಂದಿನ ಕಾಯಿಲೆ ಎಂದು ಕೆಲವರು ತಿಳಿದಿದ್ದಾರೆ. ಆಗಲೂ ಬಹುಪಾಲು ಹಾಡುಗಳನ್ನು ಟ್ಯೂನ್ ಕೇಳಿಯೇ ಬರೆಯುತ್ತಿದ್ದರು. ಆದರೆ ಬರೆಯಲು ಜಾಗವಿತ್ತು.

ಆ ಜಾಗಕ್ಕೆ ಕೇಳುಗರೂ ಕಾವಲಿದ್ದರು. ಟಾಕೀಸಿನ ಹೊರಗೆ ಚಿಲ್ಲರೆ ಕಾಸಿಗೆ ಹಾಡಿನ ಪುಸ್ತಕ ಸಿಗುತ್ತಿತ್ತು. ತೆಳ್ಳನೆಯ ಅಗ್ಗದ ಕಾಗದ, ಮೊದಲ ಪುಟದಲ್ಲಿ ಕಲಾವಿದರ ಹೆಸರು, ಒಳಗೆ ಅರ್ಧ ಕಥೆ. ಉಳಿದ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂಬ ಬಿನ್ನಹ, ಅದರ ಹಿಂದೆ ಎಲ್ಲ ಹಾಡುಗಳ ಪೂರ್ತಿ ಸಾಹಿತ್ಯ. ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮೊದಲು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಕ್ರಮವಾಗಿ ಹೇಳುತ್ತಿದ್ದರು. ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ಎಂ. ರಂಗರಾವ್, ಟಿ.ಜಿ. ಲಿಂಗಪ್ಪ, ಉಪೇಂದ್ರಕುಮಾರ್ ಈ ಹೆಸರುಗಳು ಸಂಗೀತ ಕಲಿಯದ ಮನೆಗಳಿಗೂ ಪರಿಚಯವಾದದ್ದು ಹೀಗೆ. ಹೊಲದಲ್ಲಿ ಕಳೆ ಕೀಳುವವರಿಗೂ ಗೀತರಚನೆಕಾರರ ಹೆಸರು ಗೊತ್ತಿದ್ದ ಕಾಲ ಅದು.

ಸಿನಿಮಾ ಹಾಡಿಗೂ ಸಾಹಿತ್ಯಕ್ಕೂ ನಡುವೆ ಆಗ ಎತ್ತರದ ಗೋಡೆ ಇರಲಿಲ್ಲ. ಪುಟ್ಟಣ್ಣ ಕಣಗಾಲ್ ‘ಬೆಳ್ಳಿ ಮೋಡ’ಕ್ಕೂ ‘ಶರಪಂಜರ’ಕ್ಕೂ ಬೇಂದ್ರೆಯವರ ಕವಿತೆ ತಂದರು. ‘ಮಿಸ್ ಲೀಲಾವತಿ’ಯಲ್ಲಿ ಕುವೆಂಪು ಕವಿತೆ ಹಾಡಾಯಿತು. ಅನಕೃ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ ಜಿ.ಕೆ. ವೆಂಕಟೇಶ್ ಅವರು ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರಿಂದಲೂ ಹಾಡಿಸಿದರು. ಎರಡು ಸಂಗೀತ ಪದ್ಧತಿಗಳ ಶಿಖರದಂಥವರು ಒಂದೇ ಕನ್ನಡ ಚಿತ್ರದಲ್ಲಿ! ಇಂಥದ್ದು ಮತ್ತೆ ಕಂಡದ್ದು ಕಡಿಮೆ.

ಈ ಹಾಡುಗಳಲ್ಲಿ ಬಹುಪಾಲು ಧ್ವನಿಮುದ್ರಣವಾದದ್ದು ಮದರಾಸಿನಲ್ಲಿ. ನಿರ್ಮಾಪಕ, ಸಂಗೀತ ನಿರ್ದೇಶಕ, ಕವಿ ಎಲ್ಲರೂ ಅಲ್ಲಿಗೆ ಹೋಗಬೇಕಿತ್ತು. ಪಿಟೀಲಿನ ಸಾಲು, ಕೊಳಲು, ವೀಣೆ, ಸಿತಾರ್, ತಬಲಾ, ಗಿಟಾರ್, ಎಲ್ಲ ವಾದ್ಯಗಾರರೂ ಒಂದೇ ಸಭಾಂಗಣದಲ್ಲಿ. ಗಾಯಕರಿಗೆ ಪಕ್ಕದಲ್ಲಿ ಪುಟ್ಟ ಕೋಣೆ. ಎಲ್ಲರೂ ಒಟ್ಟಿಗೆ ನುಡಿಸಿ ಹಾಡಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಹಾಗಾಗಿ ಮುದ್ರಣಕ್ಕೆ ಮೊದಲು ತಾಲೀಮು ಕಡ್ಡಾಯ. ಆ ತಾಲೀಮಿನಲ್ಲೇ ಕನ್ನಡ ಉಚ್ಚಾರವನ್ನು ತಿದ್ದುತ್ತಿದ್ದರು. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಎಸ್. ಜಾನಕಿ ಗುಂಟೂರು ಜಿಲ್ಲೆಯವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. ಪಿ.ಬಿ.ಎಸ್. ಅವರ ಮಹಾಪ್ರಾಣ, ಜಾನಕಿಯವರ ಳಕಾರ ಕೇಳಿ. ಮನೆಮಾತು ಕನ್ನಡವಾದವರೂ ಅಷ್ಟು ಶುದ್ಧವಾಗಿ ನುಡಿಯುವುದು ವಿರಳ. ಕವಿ ಪಕ್ಕದಲ್ಲೇ ಕೂತಿರುತ್ತಿದ್ದ, ತಿದ್ದುತ್ತಿದ್ದ. ಈಗ ಮುಂಬೈಯಲ್ಲಿರುವ ಗಾಯಕರಿಗೆ ಸಾಹಿತ್ಯ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ, ಹಾಡಿದ್ದು ಇಮೇಲ್‌ನಲ್ಲಿ ಬರುತ್ತದೆ. ‘ಪರಭಾಷೆಯ ಗಾಯಕರೇಕೆ’ ಎಂಬ ಜಗಳಕ್ಕಿಂತ ‘ತಾಲೀಮಿಗೆ ಎಷ್ಟು ಹೊತ್ತು ಕೊಟ್ಟಿರಿ’ ಎಂಬ ಪ್ರಶ್ನೆ ಕೇಳುವುದು ಹೆಚ್ಚು ಉಪಯುಕ್ತ ಎಂದು ನನಗೆ ಅನಿಸುತ್ತದೆ.

1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್‌ಕುಮಾರ್ ತಮಗೆ ತಾವೇ ಹಾಡತೊಡಗಿದರು. ರಂಗಭೂಮಿಯಲ್ಲಿ ಪಳಗಿದ ಆ ಕಂಠ ಸಿನಿಮಾ ಹಾಡಿಗೆ ಬೇರೆಯದೇ ಬನಿ ತಂದಿತು. ಹದಿನೆಂಟು ವರ್ಷಗಳ ನಂತರ ‘ಜೀವನ ಚೈತ್ರ’ದಲ್ಲಿ ಉಪೇಂದ್ರಕುಮಾರ್ ಸಂಗೀತಕ್ಕೆ ಅವರು ಹಾಡಿದ ಶಾಸ್ತ್ರೀಯ ಛಾಯೆಯ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ನಟನೊಬ್ಬನಿಗೆ ಹಾಡುಗಾರಿಕೆಗಾಗಿ ರಾಷ್ಟ್ರಪ್ರಶಸ್ತಿ ಸಿಕ್ಕ ಆ ಘಟನೆಯನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಕ್ಯಾಸೆಟ್ ತೆರೆದ ಬಾಗಿಲು

ಗ್ರಾಮಫೋನ್ ತಟ್ಟೆ ಉಳ್ಳವರ ಮನೆಯ ವಸ್ತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಎಲ್ಲರ ಮನೆಗೂ ಬಂತು. ಒಂದು ಮಗ್ಗುಲಿಗೆ ಅರ್ಧ ಗಂಟೆ, ಎರಡು ಮಗ್ಗುಲಿಗೆ ಒಂದು ಗಂಟೆ. ಎ ಮಗ್ಗುಲಲ್ಲಿ ಒಂದು ಚಿತ್ರ, ಬಿ ಮಗ್ಗುಲಲ್ಲಿ ಇನ್ನೊಂದು. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಬೇಕಾದ ಕ್ರಮದಲ್ಲಿ ತುಂಬಿಸಿಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೂ ಹುಟ್ಟಿಕೊಂಡವು. ಸಾಗರದಾಚೆಯ ದೊಡ್ಡ ಕಂಪನಿಗಳನ್ನೇ ನೆಚ್ಚಿಕೊಂಡಿದ್ದ ವ್ಯಾಪಾರಕ್ಕೆ ಬೆಂಗಳೂರಿನ ಲಹರಿಯಂಥ ನಮ್ಮದೇ ಸಂಸ್ಥೆಗಳು ಇಳಿದವು.

‘ಪ್ರೇಮಲೋಕ’ ಈ ಹೊತ್ತಿಗೆ ಸರಿಯಾಗಿ ಬಂದ ಚಿತ್ರ. ರವಿಚಂದ್ರನ್ ಅವರ ಧೈರ್ಯ, ಆರ್ಕೆಸ್ಟ್ರಾ ಹಿನ್ನೆಲೆಯಿಂದ ಬಂದ ಹಂಸಲೇಖ ಅವರ ಪ್ರತಿಭೆ. ಸಾಹಿತ್ಯ, ಸಂಗೀತ ಎರಡನ್ನೂ ಒಬ್ಬರೇ ಮಾಡಿದ್ದರಿಂದ ಟ್ಯೂನಿಗೂ ಪದಕ್ಕೂ ನಡುವೆ ಹೊಂದಾಣಿಕೆಯ ಪ್ರಶ್ನೆಯೇ ಏಳಲಿಲ್ಲ. ಹುಡುಗ ಹುಡುಗಿ ಕಾಲೇಜಿನಲ್ಲಿ ಆಡುವ ಮಾತು, ಕೀಟಲೆ, ಸವಾಲು ಹಾಗೇ ಹಾಡಾದವು. ಅದಕ್ಕೆ ಮುಂಚೆ ಹಾಡಿನ ಭಾಷೆ ಎಂದರೆ ಸ್ವಲ್ಪ ಮಡಿ ಉಟ್ಟ ಭಾಷೆ. ಹಂಸಲೇಖ ಆ ಮಡಿ ಬಿಡಿಸಿದರು. ಪ್ರಾಸದ ಗೀಳು ಅವರಲ್ಲಿ ಅತಿಯಾಯಿತು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಇದೇ ಹಂಸಲೇಖ ಮುಂದೆ ‘ಗಾನಯೋಗಿ ಪಂಚಾಕ್ಷರ ಗವಾಯಿ’ಗೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು, ಅದೇ ಚಿತ್ರಕ್ಕೆ ಎಸ್‌ಪಿಬಿ ಅವರೂ ಪಡೆದರು. ಗವಾಯಿಗಳ ಸಂಗೀತವನ್ನೂ ಮೋಟಾರು ಬೈಕಿನ ಹಾಡನ್ನೂ ಒಂದೇ ಕೈಯಲ್ಲಿ ಹಿಡಿದವರು ಇನ್ನೊಬ್ಬರಿಲ್ಲ.

ಕ್ಯಾಸೆಟ್ಟಿನ ಇನ್ನೊಂದು ಉಪಕಾರ ಸಿನಿಮಾದ ಹೊರಗೆ ಆಯಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ ಭಾವಗೀತೆಗೆ ಹೊಸ ಬಾಗಿಲು ತೆರೆಯಿತು. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಇವರ ಕಂಠದಲ್ಲಿ ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ಶಿಶುನಾಳ ಶರೀಫರು ಅಡುಗೆಮನೆವರೆಗೂ ಬಂದರು. ಕವಿತೆಗೆ ನಾಲ್ಕು ಚರಣವಿದ್ದರೆ ನಾಲ್ಕನ್ನೂ ಹಾಡುತ್ತಿದ್ದರು. ಕವಿಯ ಮಾತು ಮುಗಿಯುವ ತನಕ ಹಾಡು ಮುಗಿಯುವುದಿಲ್ಲ ಎಂಬ ನಿಯಮ ಅಲ್ಲಿತ್ತು. ಕವಿತೆ ಹಾಡಿದರೆ ಅರ್ಥ ಕೆಡುತ್ತದೆ ಎಂದು ನವ್ಯರಲ್ಲಿ ಕೆಲವರು ಮುನಿಸಿಕೊಂಡಿದ್ದರು. ಜನ ಮಾತ್ರ ಹಾಡನ್ನು ಆರಿಸಿಕೊಂಡರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ನೆರೆದ ಜನಸಾಗರ ಅದಕ್ಕೆ ಸಾಕ್ಷಿ. ಬರೀ ಕನ್ನಡ ಕವಿತೆ ಕೇಳಲು ಅಷ್ಟು ಜನ ಬಂದಿದ್ದರು.

ಕರಾವಳಿಯಲ್ಲಿ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆಯನ್ನು ಕ್ಯಾಸೆಟ್ ಹಳ್ಳಿ ಹಳ್ಳಿಗೆ ಒಯ್ದಿತು. 1990ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೂ ಹೊಸ ತಲೆಮಾರು ಅವರನ್ನು ಕೇಳಿಯೇ ಕಲಿಯಿತು. ಉತ್ತರ ಕರ್ನಾಟಕದಲ್ಲಿ ಗೀಗೀ ಪದ, ಭಜನೆ ಪದ, ನಾಟಕದ ಹಾಡುಗಳಿಗೆ ಪುಟ್ಟ ಪುಟ್ಟ ಕಂಪನಿಗಳಿದ್ದವು.

ಮೂವತ್ತು ಸೆಕೆಂಡಿನ ಹಾಡು

ವಾದ್ಯಗಾರರು ಒಟ್ಟಿಗೆ ಕೂತು ನುಡಿಸುವ ಪದ್ಧತಿಗೆ ಪೆಟ್ಟು ಬಿದ್ದದ್ದು ಕೀಬೋರ್ಡಿನಿಂದ, ಅದರ ಬೆನ್ನಿಗೆ ಬಂದ ಕಂಪ್ಯೂಟರಿನಿಂದ. ಟ್ರ್ಯಾಕ್ ಪದ್ಧತಿ ಬಂದಾಗ ತಾಳ ಒಂದು ದಿನ, ಕೊಳಲು ಇನ್ನೊಂದು ದಿನ, ಗಾಯಕಿ ಮತ್ತೊಂದು ವಾರ. ಯುಗಳ ಗೀತೆ ಹಾಡಿದ ಇಬ್ಬರು ಒಬ್ಬರನ್ನೊಬ್ಬರು ನೋಡಬೇಕೆಂದೇನೂ ಇಲ್ಲ. ಇಪ್ಪತ್ತು ಪಿಟೀಲುಗಳ ನಾದವನ್ನು ಒಂದು ಬೆರಳು ಒತ್ತಿ ತರಬಹುದು. ಖರ್ಚು ಇಳಿಯಿತು, ಬೆಂಗಳೂರಿನಲ್ಲೇ ಕೆಲಸ ಮುಗಿಯತೊಡಗಿತು. ಶಂಕರ್ ನಾಗ್ ಸೋದರರು ‘ಸಂಕೇತ್’ ಸ್ಟುಡಿಯೊ ಕಟ್ಟಿದಾಗ ಕಂಡ ಕನಸಿನ ಒಂದು ಭಾಗ ಹೀಗೆ ನನಸಾಯಿತು ಎನ್ನಬಹುದು. ಕಳೆದುಕೊಂಡದ್ದು ಇಂಟರ್‌ಲ್ಯೂಡ್. ರಾಜನ್–ನಾಗೇಂದ್ರ ಅವರ ಹಾಡಿನಲ್ಲಿ ಮೊದಲ ಚರಣಕ್ಕೆ ಮುಂಚೆ ಬರುವ ವಾದ್ಯಭಾಗ ಎರಡನೇ ಚರಣಕ್ಕೆ ಮುಂಚೆ ಬರುವುದಿಲ್ಲ; ಅಲ್ಲಿ ಬೇರೆಯೇ ಕಲ್ಪನೆ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಲ್ಲಿ ಈ ಕಲೆಯನ್ನು ತುದಿಗೆ ಒಯ್ದರು. ‘ಗೀತಾ’ದ ಪ್ರೇಮಗೀತೆಯ ರಾಗವನ್ನು ಅವರು ತಮಿಳಿನಲ್ಲೂ, 2007ರಲ್ಲಿ ‘ಚೀನಿ ಕಮ್’ ಎಂಬ ಹಿಂದಿ ಚಿತ್ರದಲ್ಲೂ ಮತ್ತೆ ಬಳಸಿದರು. ‘ಪಲ್ಲವಿ ಅನುಪಲ್ಲವಿ’ಯ ರಾಗದ ತುಣುಕೊಂದು ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನ ದನಿಯಾಗಿ ದೇಶವೆಲ್ಲ ಮೊಳಗಿತು. ಅದನ್ನು ಕೇಳಿದ ಕೋಟ್ಯಂತರ ಜನರಿಗೆ ಅದು ಕನ್ನಡ ಚಿತ್ರದ್ದೆಂದು ಗೊತ್ತೇ ಇರಲಿಲ್ಲ.

2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ಬೆಂಗಳೂರಿನಲ್ಲೇ. ಆರಂಭದ ವರ್ಷಗಳಲ್ಲಿ ಈ ಊರಿನ ಖಾಸಗಿ ಎಫ್‌ಎಂಗಳಲ್ಲಿ ಕನ್ನಡಕ್ಕಿಂತ ಹಿಂದಿ ಹಾಡೇ ಹೆಚ್ಚು ಕೇಳುತ್ತಿತ್ತು, ಕನ್ನಡ ಸಂಘಟನೆಗಳು ಬೀದಿಗಿಳಿದವು. ಪ್ರತಿಭಟನೆಯ ಜೊತೆಗೆ ಹಾಡುಗಳೂ ಕೆಲಸ ಮಾಡಿದವು. 2006ರ ಡಿಸೆಂಬರ್ 29ರಂದು ತೆರೆ ಕಂಡ ‘ಮುಂಗಾರು ಮಳೆ’ಯಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಅವರ ಸಂಗೀತ, ಗೋಕರ್ಣದ ಜಯಂತ ಕಾಯ್ಕಿಣಿ ಅವರ ಸಾಹಿತ್ಯ, ಸೋನು ನಿಗಮ್ ಅವರ ಕಂಠ ಸೇರಿದವು. ಕನ್ನಡ ಹಾಡು ಹಾಕಿದರೆ ನಗರದ ಯುವಕರು ಕೇಳುವುದಿಲ್ಲ ಎಂಬ ವ್ಯಾಪಾರದ ವಾದ ಆ ಮಳೆಯಲ್ಲಿ ಕೊಚ್ಚಿಹೋಯಿತು. ಕಥೆಗಾರ, ಕವಿಯಾದ ಕಾಯ್ಕಿಣಿ ಟ್ಯೂನಿನ ಇಕ್ಕಟ್ಟಿನಲ್ಲೂ ಹೊಸ ರೂಪಕ ಹುಡುಕಿದರು. ಕಾವ್ಯಕ್ಕೂ ಸಿನಿಮಾ ಹಾಡಿಗೂ ಬೇಂದ್ರೆ, ಕುವೆಂಪು ಕಾಲದಲ್ಲಿದ್ದ ನಂಟನ್ನು ಅವರು ಮತ್ತೆ ಕೂಡಿಸಿದರು ಎಂಬುದು ನನ್ನ ಅಭಿಪ್ರಾಯ. ಆ ಚಿತ್ರದ ಹಾಡುಗಳಲ್ಲಿ ಚರಣಗಳು ಇದ್ದವು, ಜನ ಅವುಗಳನ್ನು ಕಲಿತರು.

ಆದರೆ ಅದೇ ಹೊತ್ತಿಗೆ ಕಾಲರ್ ಟ್ಯೂನ್ ಬಂದಿತ್ತು. ಯಾರಿಗಾದರೂ ಫೋನ್ ಮಾಡಿದರೆ ಅವರು ಎತ್ತುವ ತನಕ ಕೇಳುವುದು ಅರ್ಧ ನಿಮಿಷದ ಹಾಡು. ಆಡಿಯೊ ಕಂಪನಿಗಳಿಗೆ ಕೆಲವು ವರ್ಷ ಒಳ್ಳೆಯ ಆದಾಯ ಇಲ್ಲಿಂದಲೇ ಬಂತು. ಹಾಡಿನಲ್ಲಿ ಮಾರಾಟವಾಗುವ ತುಂಡು ಯಾವುದು ಎಂದು ಮೊದಲೇ ಯೋಚಿಸಿ ರಾಗ ಕಟ್ಟುವುದು ಆಗ ಶುರುವಾಯಿತು. ರೀಲ್ಸ್ ಬಂದು ಹಾಡು ಕೆಡಿಸಿತು ಎನ್ನುವವರು ಈ ಹಿಂದಿನ ಅಧ್ಯಾಯವನ್ನು ಮರೆತಿರುತ್ತಾರೆ. 2016ರಲ್ಲಿ ಅಗ್ಗದ ಡೇಟಾ ಬಂತು, 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು, 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಒಂದು ಕೇಳಿಕೆ ಎಂದು ಲೆಕ್ಕ. ಹಾಗಾಗಿ ಮುಖ್ಯ ಸಾಲು ಅಷ್ಟರೊಳಗೆ ಬಂದುಬಿಡಬೇಕೆಂಬ ಅವಸರ. ಆರಂಭದ ಆಲಾಪಕ್ಕೆ, ಕೊಳಲಿನ ಒಂದು ಸುದೀರ್ಘ ಎಳೆಗೆ ಅಲ್ಲಿ ತಾವಿಲ್ಲ. ಐದು ನಿಮಿಷದ ಹಾಡು ಮೂರಕ್ಕೆ ಇಳಿಯಿತು, ಚಿತ್ರಕ್ಕೆ ಎಂಟು ಹತ್ತು ಇದ್ದ ಹಾಡುಗಳು ಮೂರು ನಾಲ್ಕಾದವು.

ಚರಣ ತಲೆ ಎತ್ತಿದ ಕಡೆ

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಎರಡನೇ ಚರಣ ಪೂರ್ತಿ ಸತ್ತಿಲ್ಲ, ನಾವು ನಿರೀಕ್ಷಿಸದ ಕಡೆ ಬದುಕಿದೆ.

ಕನ್ನಡ ರ‍್ಯಾಪ್ ಕೇಳಿ. ಅದರಲ್ಲಿ ಇರುವಷ್ಟು ಪದಗಳು ಹಳೆಯ ಮೂರು ಹಾಡಿನಲ್ಲೂ ಇಲ್ಲ. ಚಂದನ್ ಶೆಟ್ಟಿ ಪಾರ್ಟಿ ಹಾಡುಗಳ ಮೂಲಕ ಅದನ್ನು ಊರೂರಿಗೆ ಒಯ್ದರು. ಆ ಹಾಡುಗಳ ವಸ್ತು ನನಗೆ ರುಚಿಸುವುದಿಲ್ಲ, ಅದು ಬೇರೆ ಮಾತು. ಆದರೆ ಆಲ್ ಓಕೆ, ಎಂಸಿ ಬಿಜ್ಜು ಮೊದಲಾದವರು ಗಲ್ಲಿಯ ಕನ್ನಡದಲ್ಲಿ ತಮ್ಮ ಬದುಕಿನ ಕಥೆಯನ್ನು ಸಾಲು ಸಾಲಾಗಿ ಕಟ್ಟುವಾಗ ಹಾಡು ಮತ್ತೆ ಮಾತಿನ ಕಡೆಗೆ ಹೊರಳಿದೆ ಎಂದು ಖುಷಿಯಾಗುತ್ತದೆ. ಉತ್ತರ ಕರ್ನಾಟಕದ ಡಿಜೆ ಜಾನಪದ ಇನ್ನೊಂದು. ಯೂಟ್ಯೂಬಿನಲ್ಲಿ ಬರುವ ಈ ಹಾಡುಗಳಿಗೆ ಸಿನಿಮಾದ ಹಂಗಿಲ್ಲ, ಬೆಂಗಳೂರಿನ ಒಪ್ಪಿಗೆ ಬೇಕಿಲ್ಲ. ಟ್ರ್ಯಾಕ್ಟರಿನ ಮೇಲೆ, ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ಕಿವಿಗಡಚಿಕ್ಕುವ ಹಾಗೆ ಮೊಳಗುತ್ತವೆ. ಸಂಸ್ಕಾರವಂತರು ಮೂಗು ಮುರಿಯುತ್ತಾರೆ. ಒಂದನ್ನು ಪೂರ್ತಿ ಕೇಳಿದರೆ ನಾಲ್ಕೈದು ನುಡಿ ಇರುತ್ತವೆ. ಅವುಗಳಲ್ಲಿ ಪ್ರೀತಿಸಿದ ಹುಡುಗಿಗೆ ಬೇರೆ ಕಡೆ ಮದುವೆಯಾದ ಸಂಕಟ, ಲಾರಿ ಚಾಲಕನ ಒಂಟಿತನ, ಸಾಲ, ಗುಳೆ ಎಲ್ಲವೂ ಬರುತ್ತವೆ. ಕೊನೆಯ ನುಡಿಯಲ್ಲಿ ಕವಿ ತನ್ನ ಊರಿನ ಹೆಸರು ಹೇಳಿ ಮುಗಿಸುವ ಹಳೆಯ ಲಾವಣಿ ಪದ್ಧತಿಯೂ ಅಲ್ಲಲ್ಲಿ ಉಳಿದಿದೆ.

ಸಿನಿಮಾದೊಳಗೂ ಎಲ್ಲವೂ ಬರಡಲ್ಲ. ‘ಕೆಜಿಎಫ್’ನ ರವಿ ಬಸ್ರೂರು ಕುಂದಾಪುರದ ಹತ್ತಿರದ ತಮ್ಮ ಊರಲ್ಲೇ ಸ್ಟುಡಿಯೊ ಮಾಡಿಕೊಂಡು ದೇಶ ಕೇಳುವ ಸಂಗೀತ ಮಾಡಿದರು. ಹಿಂದೆ ಮದರಾಸಿಗೆ ಹೋಗದೆ ಆಗದಿದ್ದ ಕೆಲಸ ಬಸ್ರೂರಿನಲ್ಲಿ ಆಗುತ್ತದೆಂದರೆ ಅದು ಸಣ್ಣ ಗೆಲುವಲ್ಲ. ಅಜನೀಶ್ ಲೋಕನಾಥ್ ‘ಕಾಂತಾರ’ಕ್ಕೆ ಕರಾವಳಿಯ ದನಿ ತಂದರು. ಚರಣ್ ರಾಜ್ 2023ರ ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ಅವಸರವಿಲ್ಲದೆ ಅರಳುವ ಹಾಡುಗಳನ್ನು ಕೊಟ್ಟರು, ಯುವಕರು ಅವುಗಳನ್ನು ಎದೆಗೆ ಹಚ್ಚಿಕೊಂಡರು. ನಿಧಾನವನ್ನು ಈ ಪೀಳಿಗೆ ಸಹಿಸುವುದಿಲ್ಲ ಎಂಬುದು ಸುಳ್ಳು. ಕೊಟ್ಟರೆ ಕೇಳುತ್ತಾರೆ.

ಇನ್ನು ದುಡ್ಡಿನ ಮಾತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದು, ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಬಿಟ್ಟುಕೊಡಲಾಗದ ರಾಯಧನದ ಹಕ್ಕು ಸಿಕ್ಕಿತು. ಅದಕ್ಕೆ ಮುಂಚೆ ಒಮ್ಮೆ ಸಂಭಾವನೆ ಪಡೆದು ಸಹಿ ಹಾಕಿದರೆ ಮುಗಿಯಿತು, ಹಾಡು ನೂರು ವರ್ಷ ಮೊಳಗಿದರೂ ಬರೆದವರ ಮನೆಗೆ ಕಾಸು ಬರುತ್ತಿರಲಿಲ್ಲ. ಕನ್ನಡದ ದೊಡ್ಡ ಗೀತರಚನೆಕಾರರಲ್ಲಿ ಬಹಳ ಮಂದಿ ಆ ಕಾಲದವರು. ಉದಯಶಂಕರ್ ತೀರಿಕೊಂಡದ್ದೇ 1993ರಲ್ಲಿ. ಪಿಟೀಲು, ಕೊಳಲು, ತಬಲಾ ನುಡಿಸಿದವರ ಸ್ಥಿತಿ ಅದಕ್ಕಿಂತ ಕಷ್ಟ, ಹಣದ ಮಾತು ಹಾಗಿರಲಿ, ಹೆಸರೂ ಉಳಿಯಲಿಲ್ಲ. ನಾವು ಗುನುಗುವ ಎಷ್ಟೋ ಇಂಟರ್‌ಲ್ಯೂಡ್‌ಗಳ ಕೊಳಲು ಯಾರದೆಂದು ಯಾವ ದಾಖಲೆಯಲ್ಲೂ ಹುಡುಕಿ ತೆಗೆಯುವುದು ಕಷ್ಟ.

ಮೊಬೈಲ್ ಆ್ಯಪ್‌ಗಳಲ್ಲಿ ಹಳೆಯ ಹಾಡುಗಳು ಈಗ ಬೆರಳ ತುದಿಯಲ್ಲಿವೆ, ಇದು ದೊಡ್ಡ ಭಾಗ್ಯ. ಆದರೆ ಹಾಡಿನ ಕೆಳಗೆ ಗಾಯಕರ ಹೆಸರು ಎದ್ದು ಕಾಣುತ್ತದೆ, ಬರೆದವರ ಹೆಸರಿಗಾಗಿ ತಡಕಬೇಕು. ಕೆಲವೊಮ್ಮೆ ತಡಕಿದರೂ ಸಿಗುವುದಿಲ್ಲ. ಬರೆದವರ ಹೆಸರು ಹೇಳುವುದು ಆಕಾಶವಾಣಿ ಒಂದು ಪೈಸೆ ಖರ್ಚಿಲ್ಲದೆ ಮಾಡುತ್ತಿದ್ದ ಕೆಲಸ. ಹಾಡುಗಳ ಹಕ್ಕು ಹೊಂದಿರುವ ಕನ್ನಡ ಆಡಿಯೊ ಸಂಸ್ಥೆಗಳು ತಮ್ಮ ಹಳೆಯ ಕಡತ ತೆಗೆದು ಪ್ರತಿ ಹಾಡಿಗೂ ಗೀತರಚನೆಕಾರರ ಹೆಸರನ್ನು, ಗೊತ್ತಿರುವಷ್ಟು ಮಟ್ಟಿಗೆ ವಾದ್ಯಗಾರರ ಹೆಸರನ್ನು, ಪೂರ್ತಿ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಸೇರಿಸಬೇಕು. ಮದರಾಸಿನ ಆ ಸಭಾಂಗಣಗಳಲ್ಲಿ ನುಡಿಸಿದವರು, ಬರೆಯುವುದನ್ನು ಕಣ್ಣಾರೆ ಕಂಡವರು ಕೆಲವರಾದರೂ ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಚಲನಚಿತ್ರ ಅಕಾಡೆಮಿಯೂ ವಿಶ್ವವಿದ್ಯಾಲಯಗಳೂ ಈ ವರ್ಷವೇ ಕೈಗೆತ್ತಿಕೊಳ್ಳಲಿ.